ಜೀನ್ಸ್ ಚೂರಿನಿಂದ ಓಲೆ, ಸರ: ಬಳ್ಳಾರಿಯಲ್ಲಿ ಮರುಬಳಕೆಯ ಆಭರಣ ಉದ್ಯಮ ಆರಂಭಿಸುವ ಬಗೆ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಬೀಳುವ ಎಷ್ಟೋ ಚೂರುಗಳು ಅಂಗೈಯಷ್ಟೂ ಅಗಲವಿರುವುದಿಲ್ಲ. ಉಡುಪಿನ ಹೊಲಿಗೆಗೆ ಅವು ಬಾರವು. ಒಂದು ಜೋಡಿ ಓಲೆಗೆ ಧಾರಾಳವಾಗಿ ಸಾಕಾಗುತ್ತವೆ. ಮರುಬಳಕೆಯ ವಸ್ತುಗಳಿಂದ ಆಭರಣ ಮಾಡಿ ಮಾರಲು ಹೊರಡುವವರು ತೆಂಗಿನ ಚಿಪ್ಪು, ಹಳೆಯ ಪತ್ರಿಕೆ, ಒಡೆದ ಬಳೆ, ಬಾಟಲಿ ಮುಚ್ಚಳ ಎಂದು ಸಿಕ್ಕಿದ್ದನ್ನೆಲ್ಲ ಕೂಡಿಹಾಕಿದರೆ ಯಾವುದರಲ್ಲಿಯೂ ಕೈ ಪಳಗುವುದಿಲ್ಲ. ಅದರ ಬದಲು ನಿಮ್ಮ ಊರಿನಲ್ಲಿ ವರ್ಷವಿಡೀ ಸಿಗುವ ಒಂದೇ ವಸ್ತುವನ್ನು ಆರಿಸಿಕೊಂಡು, ಅದರ ಗುಣದೋಷಗಳನ್ನು ಪೂರ್ತಿ ತಿಳಿದುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆನೆಗೊಂದಿ ಕಡೆಯವರಿಗೆ ಅದು ಬಾಳೆನಾರು ಆಗಬಹುದು, ಕಿನ್ನಾಳದವರಿಗೆ ಗೊಂಬೆ ಕೆತ್ತನೆಯಲ್ಲಿ ಉಳಿಯುವ ಹಗುರ ಮರದ ತುಂಡು ಆಗಬಹುದು. ಬಳ್ಳಾರಿಯವರಿಗೆ ಜೀನ್ಸ್ ಹೊಲಿಯುವ ಬಟ್ಟೆಯಾದ ಡೆನಿಮ್‌ಗಿಂತ ಹತ್ತಿರದ ವಸ್ತು ಇನ್ನೊಂದಿಲ್ಲ.

ಮೊದಲು ಒಂದೆರಡು ಘಟಕಗಳ ಮಾಲೀಕರೊಡನೆ ಮಾತನಾಡಿ, ವಾರಕ್ಕೊಮ್ಮೆ ಚೀಲ ತೆಗೆದುಕೊಂಡು ಹೋಗುವ ವ್ಯವಸ್ಥೆ ಮಾಡಿಕೊಳ್ಳಿ. ಅವರು ಪುಕ್ಕಟೆಯಾಗಿ ಕೊಟ್ಟರೂ ಸ್ವಲ್ಪ ಹಣ ಕೊಡುವುದು ಒಳ್ಳೆಯದು, ಏಕೆಂದರೆ ಹಣ ಕೊಟ್ಟವರಿಗೆ ಎಣ್ಣೆಯ ಕಲೆಯಿಲ್ಲದ, ಗಾಢ ಮತ್ತು ತೆಳು ಬಣ್ಣ ಬೇರೆ ಮಾಡಿದ ಚೂರು ಬೇಕೆಂದು ಕೇಳುವ ಹಕ್ಕು ಬರುತ್ತದೆ.

ಕತ್ತರಿಸುವ ಮೇಜಿನಿಂದ ಬರುವುದು ಇನ್ನೂ ತೊಳೆಯದ ಬಟ್ಟೆ ಎಂಬುದನ್ನು ಮರೆಯಬಾರದು. ಅದರಲ್ಲಿ ಗಂಜಿ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂಡಿಗೊ ಬಣ್ಣ ನೂಲಿನ ಒಳತಿರುಳಿಗೆ ಇಳಿಯದೆ ಹೊರಮೈಯಲ್ಲಿಯೇ ಕುಳಿತಿರುವುದರಿಂದ ಉಜ್ಜಿದಲ್ಲೆಲ್ಲ ಬಿಡುತ್ತದೆ. ಅಂತಹ ಸರವನ್ನು ಬಿಳಿ ರವಿಕೆಯ ಮೇಲೆ ಹಾಕಿಕೊಂಡವರು ಮತ್ತೆ ನಿಮ್ಮ ಬಳಿ ಬರಲಾರರು. ಆದ್ದರಿಂದ ಚೂರುಗಳನ್ನು ರಾತ್ರಿಯಿಡೀ ನೆನೆಸಿ, ನೀರು ತಿಳಿಯಾಗುವವರೆಗೆ ಸೋಪು ಹಾಕಿ ತೊಳೆದು, ನೆರಳಿನಲ್ಲಿ ಒಣಗಿಸಿ. ಆಮೇಲೆ ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆಯಿಂದ ಹತ್ತು ಸಲ ಗಟ್ಟಿಯಾಗಿ ಉಜ್ಜಿ ನೋಡಿ; ನೀಲಿ ಅಂಟಿದರೆ ಮತ್ತೆ ತೊಳೆಯಬೇಕು. ಕುಗ್ಗಬೇಕಾದ ಬಟ್ಟೆ ಈ ಹಂತದಲ್ಲಿಯೇ ಕುಗ್ಗಿಬಿಡುವುದು ಇನ್ನೊಂದು ಲಾಭ.

ಓಲೆಗೆ ಮೂರು ಪದರ ಬಟ್ಟೆಯನ್ನು ಅಂಟಿನಿಂದ ಕೂಡಿಸಿ, ಭಾರದ ಕೆಳಗೆ ಒಂದು ರಾತ್ರಿ ಇಟ್ಟು, ರಟ್ಟಿನ ಅಚ್ಚು ಇಟ್ಟುಕೊಂಡು ಕತ್ತರಿಸಿ. ಕೇವಲ ಅಂಟನ್ನು ನಂಬಬೇಡಿ: ಮರಗೆಲಸಕ್ಕೆ ಬಳಸುವ ಸಾಧಾರಣ ಬಿಳಿ ಅಂಟು ತೇವಕ್ಕೆ ಮೆತ್ತಗಾಗುತ್ತದೆ, ಮತ್ತು ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕತ್ತಿನ ಬೆವರೇ ಪದರ ಬಿಡಿಸಲು ಸಾಕು. ಅಂಚಿನ ಸುತ್ತ ಕಾಜಾ ಹಾಕುವ ಹೊಲಿಗೆಯನ್ನೇ ಒತ್ತೊತ್ತಾಗಿ ಹಾಕಿದರೆ ನೂಲು ಬಿಚ್ಚಿಕೊಳ್ಳುವುದಿಲ್ಲ, ನೋಟವೂ ಹೆಚ್ಚುತ್ತದೆ. ಮಣಿ ಮಾಡಲು ಬುಡದಲ್ಲಿ 2 ಸೆಂಟಿಮೀಟರ್ ಅಗಲವಿದ್ದು ತುದಿಗೆ ಚೂಪಾಗುವ, 20 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ, ಅಗಲದ ತುದಿಯಿಂದ ಸೈಕಲ್ ಚಕ್ರದ ಕಡ್ಡಿಗೆ ಬಿಗಿಯಾಗಿ ಸುತ್ತುತ್ತ ಹೋಗಿ, ಚೂಪು ತುದಿಯನ್ನು ಅಂಟಿನ ಜೊತೆಗೆ ಎರಡು ಹೊಲಿಗೆ ಹಾಕಿ ಭದ್ರಪಡಿಸಿ. ನಡುವೆ ಉಬ್ಬಿದ, ನೀಲಿ ಬಿಳಿ ಗೆರೆಗಳು ಸುತ್ತಿಕೊಂಡ ಮಣಿ ಸಿಗುತ್ತದೆ. ಒಂದೊಂದು ಓಲೆಯ ತೂಕ 10 ಗ್ರಾಂ ದಾಟದಿರಲಿ.

ಚರ್ಮಕ್ಕೆ ತಾಗುವ ಲೋಹದ ವಿಷಯದಲ್ಲಿ ಮಾತ್ರ ಮರುಬಳಕೆಯ ಹಟ ಬೇಡ. ಜೀನ್ಸ್‌ನ ಗುಂಡಿ, ರಿವಿಟ್‌ಗಳಲ್ಲಿ ನಿಕ್ಕಲ್ ಇರಬಹುದು. ಅದು ಅನೇಕರಿಗೆ ತುರಿಕೆ, ಗಂಧೆ ತರುತ್ತದೆ. ಅವುಗಳನ್ನು ಮುಂಭಾಗದ ಅಲಂಕಾರಕ್ಕೆ ಮಾತ್ರ ಬಳಸಿ, ಹಿಂಬದಿಗೆ ಬಟ್ಟೆ ಹೊಲಿಯಿರಿ. ಕಿವಿಯ ತೂತಿಗೆ ಹೋಗುವ ಕೊಕ್ಕೆಯನ್ನು ಸರ್ಜಿಕಲ್ ಸ್ಟೀಲ್ ಅಥವಾ ಬೆಳ್ಳಿಯಲ್ಲಿ ಹೊಸದಾಗಿಯೇ ಕೊಳ್ಳಬೇಕು. ಗುಜರಿಯಲ್ಲಿ ಸಿಗುವ ಹಳೆಯ ಸರ್ಕ್ಯೂಟ್ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುವುದರಿಂದ ಅವು ಎಷ್ಟೇ ಅಂದವಾಗಿ ಕಂಡರೂ ಮುಟ್ಟಬೇಡಿ. ಸುಟ್ಟ ಮೋಟಾರಿನ ತಾಮ್ರದ ತಂತಿಯ ಮೇಲಿನ ಲೇಪವನ್ನು ಬೆಂಕಿಗೆ ಹಿಡಿದು ತೆಗೆಯುವುದೂ ಬೇಡ, ಆ ಹೊಗೆ ಅಪಾಯಕಾರಿ.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ (ಜಿಐ), ಅಂದರೆ ಆ ಹೆಸರನ್ನು ಬೇರೆಯವರು ಬಳಸದಂತೆ ತಡೆಯುವ ಕಾನೂನಿನ ರಕ್ಷಣೆಯಿದೆ. ಆ ಕನ್ನಡಿ, ಕವಡೆಗಳ ಸೊಬಗು ನಿಮ್ಮ ಡೆನಿಮ್ ಮೇಲೆ ಬೇಕೆನಿಸಿದರೆ ಅದನ್ನು ಬಲ್ಲ ಲಂಬಾಣಿ ಹೆಣ್ಣುಮಕ್ಕಳಿಂದಲೇ ಹಾಕಿಸಿ, ನ್ಯಾಯವಾದ ಕೂಲಿ ಕೊಡಿ. ನಕಲು ಮಾಡಿ ಅವರ ಕಸೂತಿಯ ಹೆಸರಿನಲ್ಲಿ ಮಾರುವುದು ಕಾನೂನಿಗೂ ವಿರುದ್ಧ, ನೀತಿಗೂ ವಿರುದ್ಧ.

ಬೆಲೆ ಕಟ್ಟುವಾಗ ಚೂರು ಅಗ್ಗವೆಂದು ಓಲೆಯನ್ನೂ ಅಗ್ಗ ಮಾಡಿದರೆ ಉದ್ಯಮ ನಿಲ್ಲುವುದಿಲ್ಲ. ಒಂದು ಜೋಡಿಗೆ ತೊಳೆಯುವುದರಿಂದ ಹಿಡಿದು ಕೊಕ್ಕೆ ಹಾಕುವವರೆಗೆ 45 ನಿಮಿಷ ಬೇಕಾಗಿ, ನಿಮ್ಮ ಗಂಟೆಯ ಕೂಲಿಯನ್ನು 80 ರೂಪಾಯಿ ಎಂದು ಇಟ್ಟುಕೊಂಡರೆ ಕೂಲಿಯೇ 60 ರೂಪಾಯಿ. ಕೊಕ್ಕೆ, ನೂಲು, ಅಂಟು, ಕಾಗದದ ಕಾರ್ಡಿಗೆ 20 ರೂಪಾಯಿ ಸೇರಿಸಿದರೆ ಅಸಲು 80. ಅಂಗಡಿಯವರ ಪಾಲು, ಓಡಾಟ, ಮಾರಾಟವಾಗದೆ ಉಳಿಯುವ ಸರಕು, ನಿಮ್ಮ ಲಾಭ ಇವೆಲ್ಲವೂ ಅದರ ಮೇಲೆ ಬರಬೇಕಾದ್ದರಿಂದ 160ಕ್ಕಿಂತ ಕಡಿಮೆಗೆ ಮಾರುವುದು ತರವಲ್ಲ. ನಿಮ್ಮ ಕೂಲಿಯನ್ನು ಬಿಟ್ಟು ಲೆಕ್ಕ ಹಾಕುವ ಅಭ್ಯಾಸವನ್ನು ಮೊದಲ ದಿನದಿಂದಲೇ ದೂರವಿಡಿ. ಮನೆಯಲ್ಲಿ ಕುಳಿತು ಮಾಡಿದ್ದು ಎಂಬ ಕಾರಣಕ್ಕೆ ದುಡಿಮೆ ದುಡಿಮೆಯಲ್ಲದೆ ಹೋಗುವುದಿಲ್ಲ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಆಧಾರ್ ಸಂಖ್ಯೆಯಿಂದ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಆಗುತ್ತದೆ, ಯಾರಿಗೂ ಶುಲ್ಕ ಕೊಡಬೇಕಿಲ್ಲ. ಸಾಲ ಬೇಕಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಬ್ಯಾಂಕಿನಲ್ಲಿ ಕೇಳಬಹುದು. ಆದರೂ ಇಕ್ಕಳ, ಕತ್ತರಿ, ಸೂಜಿಯಲ್ಲಿ ಆರಂಭವಾಗುವ ಈ ಕೆಲಸಕ್ಕೆ ಮೊದಲ ವರ್ಷ ಸಾಲ ಬೇಡವೆಂದೇ ಹೇಳುತ್ತೇನೆ.

ಮಾರಾಟಕ್ಕೆ ಕಾಲೇಜು ಮೇಳಗಳು, ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಹಂಪಿ ಮತ್ತು ಆನೆಗೊಂದಿಗೆ ಬರುವ ಪ್ರವಾಸಿಗರು ಒಳ್ಳೆಯ ಆರಂಭ. ಜಾತ್ರೆಯಲ್ಲಿ ಸಣ್ಣ ಓಲೆ ಹೆಚ್ಚು ಹೋಗುತ್ತದೆ. ಪ್ರವಾಸಿಗರು ವಸ್ತುವಿನ ಮೂಲವನ್ನು ಕೇಳುತ್ತಾರೆ. ಕಾರ್ಡಿನ ಹಿಂದೆ ಚೂರು ಬಳ್ಳಾರಿಯದು, ಕೊಕ್ಕೆ ಹೊಸದು, ಓಲೆಯನ್ನು ನೀರಿನಲ್ಲಿ ನೆನೆಸಬಾರದು ಎಂಬ ಮೂರು ಸಾಲು ಬರೆದು, ಕೊಕ್ಕೆ ಮುರಿದರೆ ಅಥವಾ ಹೊಲಿಗೆ ಬಿಚ್ಚಿದರೆ ಸರಿಮಾಡಿಕೊಡುವುದಾಗಿ ನಿಮ್ಮ ಫೋನ್ ಸಂಖ್ಯೆಯನ್ನೂ ಹಾಕಿ. ರಿಪೇರಿಗೆ ಬಂದ ಪ್ರತಿ ಓಲೆಯನ್ನು, ಅದು ಎಲ್ಲಿ ಬಿಟ್ಟುಕೊಂಡಿತೆಂಬುದರ ಸಮೇತ, ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಕಂತಿನಲ್ಲಿ ಎಲ್ಲಿ ಹೊಲಿಗೆ ಹೆಚ್ಚಿಸಬೇಕೆಂಬುದು ಅಲ್ಲಿಯೇ ಸಿಗುತ್ತದೆ.