ಬೋನು ಬೇಡ ಎಂದು ಸಹಿ ಮಾಡಿಸಿದ ಕಥೆ

2021ರ ಅಕ್ಟೋಬರ್. ರಾತ್ರಿ ಹೋಟೆಲಿನ ಶಟರ್ ಎಳೆಯುವ ಹೊತ್ತಿಗೆ ಮೊಬೈಲಿಗೆ ಒಂದು ವಿಡಿಯೊ ಬಂತು. ನಮ್ಮ ಸೊಸೈಟಿಯ ಸಿಸಿಟಿವಿಯದ್ದು. ಹಿಂದಿನ ಗೋಡೆ ಹಾರಿ ಒಂದು ಚಿರತೆ ಒಳಗೆ ಬರುತ್ತದೆ. ಪಾರ್ಕಿಂಗಿನ ಪಕ್ಕದಲ್ಲಿ ನಡೆದು, ಕಸದ ಡಬ್ಬಗಳ ಹತ್ತಿರ ಒಂದು ಕ್ಷಣ ನಿಂತು, ಮೂಸಿ, ಮತ್ತೆ ಗೋಡೆ ಹಾರಿ ಹೋಗುತ್ತದೆ. ಅಷ್ಟೇ. ನಾನು ಮನೆ ಮುಟ್ಟುವಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂರಕ್ಕೂ ಜಾಸ್ತಿ ಮೆಸೇಜು. ಎಲ್ಲದರ ಸಾರ ಒಂದೇ: ಪಿಂಜರಾ ಲಗಾವೋ. ಬೋನು ಇಡಿಸಿ.

ನಾವು ಮುಂಬೈಯ ಗೋರೆಗಾಂವ್ ಪೂರ್ವದಲ್ಲಿದ್ದೇವೆ. ಗೋಡೆಯ ಆಚೆ ಆರೆ ಕಾಲೊನಿ, ಸರ್ಕಾರಿ ಹಾಲಿನ ಡೇರಿಯ ಮರಗಿಡಗಳ ಜಾಗ. ಅದರಾಚೆ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕ್ (ಎಸ್‌ಜಿಎನ್‌ಪಿ), ಸುಮಾರು 104 ಚದರ ಕಿಲೋಮೀಟರ್ ಕಾಡು. ನಾನು ಆಗ ಸೊಸೈಟಿಯ ಸೆಕ್ರೆಟರಿ. ಬೋನು ಬೇಕು ಎನ್ನುವ ಪತ್ರಕ್ಕೆ ಸಹಿ ಹಾಕಬೇಕಾದವನು ನಾನೇ.

ಜನರ ಹೆದರಿಕೆ ಸುಳ್ಳಾಗಿರಲಿಲ್ಲ. ಅದರ ಹಿಂದಿನ ತಿಂಗಳಷ್ಟೇ ಆರೆಯಲ್ಲಿ ಚಿರತೆ ಮೇಲಿಂದ ಮೇಲೆ ದಾಳಿ ಮಾಡಿತ್ತು. ಮನೆಯ ಹೊರಗಿದ್ದ ನಾಲ್ಕು ವರ್ಷದ ಹುಡುಗನನ್ನು ಎಳೆದಿತ್ತು. ವಯಸ್ಸಾದ ಒಬ್ಬ ಹೆಂಗಸು ಕೈಯಲ್ಲಿದ್ದ ಊರುಗೋಲಿನಿಂದ ಹೊಡೆದು ಪಾರಾದ ದೃಶ್ಯವನ್ನು ದೇಶವೇ ನೋಡಿತ್ತು. ನಮ್ಮ ಕಟ್ಟಡದಲ್ಲೂ ಸಣ್ಣ ಮಕ್ಕಳಿದ್ದಾರೆ. ಆ ತಾಯಂದಿರಿಗೆ ಕಾಡಿನ ಪಾಠ ಹೇಳುವ ಹಕ್ಕು ನನಗಿರಲಿಲ್ಲ.

ಮರುದಿನ ಸಂಜೆ ಸ್ಥಳೀಯ ನಾಯಕರೊಬ್ಬರು ಫೋಟೊ ತೆಗೆಯುವವರ ಜೊತೆ ಗೇಟಿಗೆ ಬಂದರು. "ಎರಡು ದಿನದಲ್ಲಿ ಬೋನು ಇಡಿಸುತ್ತೇನೆ" ಎಂದರು. ಚಪ್ಪಾಳೆ ಬಿತ್ತು. ಪತ್ರ ಟೈಪಾಗಿ ನನ್ನ ಕೈಗೆ ಬಂತು. ನಾನು ಎಂಟು ದಿನ ಸಮಯ ಕೇಳಿದೆ. ಬೈಗುಳ ತಿಂದೆ. ಆದರೂ ಕೊಟ್ಟರು.

ಸಮಯ ಕೇಳಿದ್ದು ಯಾಕೆ ಅಂದರೆ, ನಾನು ಕಾರ್ಕಳದ ಕಡೆಯವನು. ನಮ್ಮ ಮನೆ ಗುಡ್ಡದ ಬುಡದಲ್ಲಿತ್ತು. ವರ್ಷಕ್ಕೆ ಒಂದೆರಡು ನಾಯಿಯನ್ನು ಚಿಟ್ಟೆಪಿಲಿ (ತುಳುವಿನಲ್ಲಿ ಚಿರತೆ) ಕೊಂಡೊಯ್ಯುವುದು ಮಾಮೂಲಿಯಾಗಿತ್ತು. ಆಗ ಅಜ್ಜಿ ನಾಯಿಗೂಡಿನ ಬಾಗಿಲು ಗಟ್ಟಿ ಮಾಡಿಸುತ್ತಿದ್ದರು. ಹುಲಿದೈವ ಪಿಲಿಚಂಡಿಗೆ ಕೈಮುಗಿಯುತ್ತಿದ್ದರು. ಚಿರತೆಯನ್ನೇ ಇಲ್ಲಿಂದ ತೆಗೆಸಬೇಕು ಎನ್ನುವ ಮಾತು ಆ ಮನೆಯಲ್ಲಿ ನಾನು ಕೇಳಿರಲಿಲ್ಲ.

ಬೊರಿವಲಿಗೆ ಹೋಗಿ ಅರಣ್ಯ ಇಲಾಖೆಯವರನ್ನು ಕಂಡೆ. ಅರ್ಧ ದಿನ ಕಾಯಿಸಿದರು, ಆದರೆ ಕೂರಿಸಿ ಮಾತಾಡಿದರು. ಮೊದಲು ಹೇಳಿದ್ದು ಕಾನೂನು. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿರತೆ ಮೊದಲ ಪಟ್ಟಿಯ ಪ್ರಾಣಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವಂಥದ್ದು. ಅದನ್ನು ಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅಪ್ಪಣೆ ಬೇಕು. ಅದು ಮನುಷ್ಯರ ಜೀವಕ್ಕೆ ಅಪಾಯ ಎಂದು ಅವರಿಗೆ ಮನವರಿಕೆ ಆಗಬೇಕು. ಕಂಡಿತು, ಗೋಡೆ ಹಾರಿತು ಅನ್ನುವುದು ಕಾರಣವಾಗುವುದಿಲ್ಲ. ಎರಡು ದಿನದಲ್ಲಿ ಬೋನು ಇಡಿಸುತ್ತೇನೆ ಎಂದವರಿಗೆ ಆ ಅಧಿಕಾರವೇ ಇರಲಿಲ್ಲ. ಈ ವಿಷಯ ನಮ್ಮ ಕಟ್ಟಡದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನನ್ನನ್ನೂ ಸೇರಿಸಿ.

ಆಮೇಲೆ ಅವರು ಕೇಳಿದರು: "ಹಿಡಿದರೆ ಎಲ್ಲಿ ಬಿಡೋಣ?"

ಆ ಪ್ರಶ್ನೆಗೆ ಉತ್ತರ ಪುಣೆ ಜಿಲ್ಲೆಯ ಜುನ್ನರ್‌ನಲ್ಲಿದೆ. ಅಲ್ಲಿ ಕಬ್ಬಿನ ಗದ್ದೆಗಳಲ್ಲೇ ಚಿರತೆಗಳು ಮರಿ ಹಾಕಿ ಬದುಕುತ್ತವೆ. 2001ರಿಂದ ಅವುಗಳನ್ನು ಒಂದಾದ ಮೇಲೊಂದು ಹಿಡಿದು ದೂರದ ಕಾಡುಗಳಿಗೆ ಬಿಟ್ಟರು. ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಅವರ ಜೊತೆಗಾರರು ಇದರ ಲೆಕ್ಕ ತೆಗೆದರು. ಮೊದಲು ವರ್ಷಕ್ಕೆ ಸರಾಸರಿ 4 ದಾಳಿ ಇದ್ದದ್ದು, ಹಿಡಿದು ಬಿಡಲು ಶುರು ಮಾಡಿದ ಮೇಲೆ 17ಕ್ಕೆ ಏರಿತ್ತು. ಗೊತ್ತಿಲ್ಲದ ಜಾಗಕ್ಕೆ ಬಿದ್ದ, ಬೋನಿನ ಸರಳು ಕಚ್ಚಿ ಹಲ್ಲು ಮುರಿದುಕೊಂಡ ಪ್ರಾಣಿ ಸುಮ್ನೆ ಕೂರುತ್ತದೆಯೇ? ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ಮುಂಬೈಯಲ್ಲೂ ಅದೇ ಕಾಲದಲ್ಲಿ ಸಾವುಗಳಾದವು. 2004ರ ಜೂನ್ ಒಂದೇ ತಿಂಗಳಲ್ಲಿ ಈ ಪಾರ್ಕಿನ ಸುತ್ತ ಹತ್ತರ ಹತ್ತಿರ ಜನ ಸತ್ತರು. ಬೇರೆ ಕಡೆ ಹಿಡಿದ ಕೆಲವು ಚಿರತೆಗಳನ್ನು ಇಲ್ಲಿಗೂ ತಂದು ಬಿಟ್ಟಿದ್ದರು. ಆ ಪಾಠ ಕಲಿತ ಮೇಲೆಯೇ 2011ರಲ್ಲಿ ಅರಣ್ಯ ಇಲಾಖೆ ಸಂಶೋಧಕರನ್ನೂ ನಮ್ಮಂಥ ನಿವಾಸಿಗಳನ್ನೂ ಸೇರಿಸಿ 'ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ' ಎಂಬ ಕೆಲಸ ಶುರು ಮಾಡಿದ್ದು.

ಹೊರಡುವಾಗ ಅವರು ಹೇಳಿದ ಒಂದು ಮಾತು ನನ್ನನ್ನು ಚುಚ್ಚಿತು. "ಅದು ನಿಮ್ಮ ಕಸದ ಡಬ್ಬದ ಹತ್ತಿರ ಯಾಕೆ ನಿಂತಿತು, ನೋಡಿ."

ನೋಡಿದೆ. ಮೂರು ರಾತ್ರಿ ವಾಚ್‌ಮನ್ ಜೊತೆ ಕೂತು ನಾಯಿಗಳನ್ನು ಎಣಿಸಿದೆ. 23 ಇದ್ದವು. ಅವು ತಿನ್ನುತ್ತಿದ್ದ ಎಂಜಲಿನಲ್ಲಿ ದೊಡ್ಡ ಪಾಲು ನನ್ನ ಹೋಟೆಲಿನದ್ದೇ. ರಾತ್ರಿ ಹನ್ನೊಂದೂವರೆಗೆ ನನ್ನ ಹುಡುಗರು ಎರಡು ಡ್ರಮ್ ಹಸಿ ಕಸ ಹೊರಗಿಡುತ್ತಿದ್ದರು. ಅನ್ನ, ಸಾಂಬಾರಿನ ಗಸಿ, ತಟ್ಟೆಯಲ್ಲಿ ಉಳಿದ ಪೂರಿ. ಮುನಿಸಿಪಾಲಿಟಿ ಲಾರಿ ಬರುವುದು ಬೆಳಗ್ಗೆ ಏಳಕ್ಕೆ. ನಡುವಿನ ಏಳೂವರೆ ಗಂಟೆ ಡ್ರಮ್ಮು ಉರುಳುತ್ತಿತ್ತು, ನಾಯಿ ತಿನ್ನುತ್ತಿತ್ತು, ನಾಯಿಯ ಬೆನ್ನಿಗೆ ಚಿರತೆ ಬರುತ್ತಿತ್ತು. ಇಪ್ಪತ್ತು ವರ್ಷ ಹಾಗೆಯೇ ಮಾಡಿದ್ದೆ. ಒಂದು ದಿನವೂ ಯೋಚಿಸಿರಲಿಲ್ಲ.

ಅಲ್ಲಿಂದಲೇ ಶುರು ಮಾಡಿದೆ. ಬಿಗಿ ಮುಚ್ಚಳದ ಡ್ರಮ್ ತಂದು ರಾತ್ರಿ ಶಟರಿನ ಒಳಗಿಡಲು ಹೇಳಿದೆ. ವಾಸನೆ ಬರುತ್ತದೆ ಎಂದು ಹುಡುಗರು ಗೊಣಗಿದರು. ಡ್ರಮ್ಮಿಗೆ ಪ್ರತಿದಿನ ಒಂದು ಪದರ ಮರದ ಪುಡಿ ಹಾಕಿದೆವು, ವಾಸನೆ ಇಳಿಯಿತು. ಸೊಸೈಟಿಯ ಹಿತ್ತಲಲ್ಲಿ ಗೊಬ್ಬರದ ಗುಂಡಿ ತೆಗೆಸಿ ಮೇಲೆ ಜಾಲರಿ ಮುಚ್ಚಿದೆವು. ತಿಂಗಳಿಗೆ ಫ್ಲ್ಯಾಟಿಗೆ 60 ರೂಪಾಯಿ ಜಾಸ್ತಿ. ಆ 60 ರೂಪಾಯಿಗೆ ಆದ ಜಗಳ ಚಿರತೆಗೂ ಆಗಿರಲಿಲ್ಲ.

ಕಷ್ಟವಾದದ್ದು ಕೋಳಿ ಅಂಗಡಿ. ಕರುಳು, ಪುಕ್ಕ ಎಲ್ಲ ಹಿಂದಿನ ಚರಂಡಿಗೆ ಹೋಗುತ್ತಿತ್ತು. ಅಂಗಡಿಯವನನ್ನು ಹೆದರಿಸಿದರೆ ಆಗುವ ಕೆಲಸವಲ್ಲ, ಅವನೂ ದುಡಿದು ತಿನ್ನುವವನು. ಅವನ ಓಣಿಯ ಐದು ಅಂಗಡಿಯವರನ್ನು ನನ್ನ ಹೋಟೆಲಿಗೆ ಕರೆದು ಕೂರಿಸಿ ಮಾತಾಡಿದೆ. ಐವರೂ ಸೇರಿ ಒಂದು ಟೆಂಪೊಗೆ ದುಡ್ಡು ಹಾಕಿದರು. ಈಗ ರಾತ್ರಿ ಹತ್ತಕ್ಕೆ ಎಲ್ಲ ಹೋಗುತ್ತದೆ. ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ನಾಯಿಗೆ ಅನ್ನ ಹಾಕುವ ಅಕ್ಕ ಒಬ್ಬರಿದ್ದಾರೆ, ನಮ್ಮ ಮೇಲಿನ ಮಹಡಿಯವರು. ಎಲ್ಲರೂ ಅವರ ಮೇಲೆ ಬಿದ್ದರು. ನಾನು ಅವರನ್ನೇ ಜೊತೆಗೆ ಸೇರಿಸಿಕೊಂಡೆ. ಯಾವ ನಾಯಿ ಎಲ್ಲಿ ಮಲಗುತ್ತದೆ ಎಂದು ಗೊತ್ತಿದ್ದವರು ಅವರೊಬ್ಬರೇ. ಪ್ರಾಣಿ ಸಂಸ್ಥೆಯವರು ಬಂದಾಗ ಅವರು ಕರೆದರೆ ನಾಯಿ ಬರುತ್ತಿತ್ತು. 23ರಲ್ಲಿ 19 ನಾಯಿಗಳಿಗೆ ಸಂತಾನಹರಣದ ಆಪರೇಶನ್ ಆಯಿತು. ನಿಯಮದ ಪ್ರಕಾರ ಅವು ಅದೇ ಜಾಗಕ್ಕೆ ವಾಪಸು ಬಂದವು, ಆದರೆ ಮರಿಗಳ ಸಂತೆ ನಿಂತಿತು. ಅಕ್ಕ ಈಗ ಕತ್ತಲಾಗುವ ಮೊದಲೇ ಊಟ ಹಾಕಿ ಜಾಗ ತೊಳೆಯುತ್ತಾರೆ.

ಇಷ್ಟು ನಮ್ಮ ಗೋಡೆಯ ಒಳಗಿನದು. ಗೋಡೆಯ ಆಚೆ ನೋಡುವಂತೆ ಮಾಡಿದ್ದು ನನ್ನ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಮೌಶಿ. ಅವರು ಆರೆಯ ಒಳಗಿನ ಪಾಡಾದವರು, ಅಂದರೆ ವಾರ್ಲಿ ಆದಿವಾಸಿಗಳ ಹಾಡಿಯವರು. "ಅಣ್ಣಾ, ನಿಮ್ಮ ಬಿಲ್ಡಿಂಗಿಗೆ ಬಿಬಟ್ಯಾ (ಚಿರತೆ) ಬಂದರೆ ಸುದ್ದಿಯಾಗುತ್ತದೆ. ನಾವು ದಿನಾ ಅದರ ದಾರಿಯಲ್ಲೇ ಹೊರಕಡೆಗೆ ಹೋಗುತ್ತೇವೆ" ಎಂದರು.

ಒಂದು ಭಾನುವಾರ ಅವರ ಜೊತೆ ಹೋದೆ. ಪಾಡಾದ ಅಂಚಿನಲ್ಲಿ ಹುಲಿದೇವರು ವಾಘೋಬಾನ ಕಲ್ಲು ಇದೆ, ಕುಂಕುಮ ಹಚ್ಚಿ, ಹೂವಿಟ್ಟು. ನನಗೆ ತಟ್ಟನೆ ನಮ್ಮೂರ ಗುಡಿ ನೆನಪಾಯಿತು, ಕಣ್ಣು ತುಂಬಿ ಬಂತು. ಅಲ್ಲಿನ ಹಿರಿಯರಿಗೆ ಚಿರತೆಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಶೌಚಾಲಯ ಇಲ್ಲದ್ದಕ್ಕೆ, ದಾರಿಯಲ್ಲಿ ದೀಪ ಇಲ್ಲದ್ದಕ್ಕೆ. ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತ ಮನುಷ್ಯ ಚಿರತೆಯ ಕಣ್ಣಿಗೆ ಮನುಷ್ಯನಂತೆ ಕಾಣುವುದಿಲ್ಲ, ಸಣ್ಣ ಪ್ರಾಣಿಯಂತೆ ಕಾಣುತ್ತಾನೆ. ಅರ್ಜಿ ಕೊಟ್ಟು ಮೂರು ವರ್ಷವಾಗಿತ್ತು. ಜಾಗ ಡೇರಿ ಇಲಾಖೆಯದ್ದು ಎಂದು ಒಬ್ಬರು, ಅರಣ್ಯದ್ದು ಎಂದು ಇನ್ನೊಬ್ಬರು, ನಮ್ಮ ಕೈಯಲ್ಲಿಲ್ಲ ಎಂದು ಮತ್ತೊಬ್ಬರು. ನಮ್ಮ ಸೊಸೈಟಿಯ ಹಿಂದಿನ ಬೀದಿದೀಪಕ್ಕೆ ನಾನು ಪತ್ರ ಕೊಟ್ಟು 11 ದಿನಕ್ಕೆ ದೀಪ ಉರಿದಿತ್ತು. ಪಾರ್ಕಿನ ರಾಜಕೀಯ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಅರ್ಜಿಗಳನ್ನು ತೋರಿಸುತ್ತೇನೆ.

ಆಗ ಹೊಳೆದದ್ದು ಒಂದೇ ಅರ್ಜಿ ಬರೆಯುವ ಉಪಾಯ. ಸೊಸೈಟಿಯ ಲೆಟರ್‌ಹೆಡ್, ಸೊಸೈಟಿಯ ಮೊಹರು, ಆದರೆ ಮೊದಲ ಬೇಡಿಕೆ ಪಾಡಾದ ಶೌಚಾಲಯ, ಎರಡನೆಯದು ಅವರ ದಾರಿಯ ದೀಪ, ಮೂರನೆಯದು ಕಸದ ಲಾರಿಯ ಸಮಯ. ಕೊನೆಯ ಸಾಲು: ಕಂಡ ಮಾತ್ರಕ್ಕೆ ಬೋನು ಇಡಬೇಡಿ.

ಸಭೆಯಲ್ಲಿ ಗಲಾಟೆಯಾಯಿತು. "ಅವರೇ ಅತಿಕ್ರಮಣ ಮಾಡಿದವರು" ಎಂದು ಒಬ್ಬರು ಎದ್ದರು. ಈ ಮಾತಿಗೆ ಇಲ್ಲಿ ದೊಡ್ಡ ಇತಿಹಾಸ ಇದೆ. ಪರಿಸರ ಸಂಘಟನೆಯೊಂದರ ಅರ್ಜಿಯ ಮೇಲೆ 1997ರಲ್ಲಿ ಬಾಂಬೆ ಹೈಕೋರ್ಟ್ ಪಾರ್ಕಿನ ಒಳಗಿನ ಗುಡಿಸಲು ತೆರವಿಗೆ ಆದೇಶ ಕೊಟ್ಟಿತು. 1995ರ ಜನವರಿ 1ಕ್ಕೆ ಮೊದಲಿನ ದಾಖಲೆ ಇದ್ದವರು 7,000 ರೂಪಾಯಿ ಕಟ್ಟಿದರೆ ಚಾಂದಿವಲಿಯಲ್ಲಿ ಬೇರೆ ಮನೆ. ಕಾಗದ ಇದ್ದವನಿಗೆ ಮನೆ, ಇಲ್ಲದವನಿಗೆ ಬೀದಿ. ಕಾಡು ಉಳಿಯಬೇಕು ಎಂದು ಬಯಸುವವನು ನಾನೂ ಹೌದು. ಆದರೆ ಕಾಡಿನಲ್ಲೇ ಹುಟ್ಟಿದ ವಾರ್ಲಿಯ ಹತ್ತಿರ ಯಾವ ಕಾಗದ ಇರುತ್ತದೆ? 2006ರ ಅರಣ್ಯ ಹಕ್ಕು ಕಾಯ್ದೆ ಬಂದದ್ದೇ ಈ ತಪ್ಪು ಸರಿಮಾಡಲು. ನಾನು ಸಭೆಯಲ್ಲಿ ಹೇಳಿದ್ದು ಇಷ್ಟೇ: "ನಮ್ಮ ಕಟ್ಟಡ 2006ರದ್ದು. ಮೌಶಿಯ ಅತ್ತೆ ಹುಟ್ಟಿದ್ದು ಆ ಪಾಡಾದಲ್ಲೇ. ಅವರಿಗೆ ಎಪ್ಪತ್ತೆಂಟು."

ಇನ್ನೊಂದನ್ನೂ ನೆನಪಿಸಿದೆ. 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ಕಾರ್‌ಶೆಡ್‌ಗಾಗಿ ಆರೆಯಲ್ಲಿ ರಾತ್ರೋರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮರ ಕಡಿದಾಗ ನಮ್ಮ ಕಟ್ಟಡದ ಅರ್ಧ ಜನ ಬೀದಿಗಿಳಿದಿದ್ದರು. ಅಕ್ಟೋಬರ್ 7ಕ್ಕೆ ಸುಪ್ರೀಂ ಕೋರ್ಟ್ ಕಡಿಯುವುದನ್ನು ನಿಲ್ಲಿಸುವಷ್ಟರಲ್ಲಿ ಹೆಚ್ಚಿನ ಮರ ಬಿದ್ದಾಗಿತ್ತು. ಮರುವರ್ಷ ಸರ್ಕಾರ ಆರೆಯ ಸುಮಾರು 800 ಎಕರೆಯನ್ನು ಕಾಯ್ದಿಟ್ಟ ಅರಣ್ಯ ಎಂದು ಸಾರಿದಾಗ ಪೇಡಾ ಹಂಚಿದ್ದೆವು. ಅರಣ್ಯ ಬೇಕು ಎಂದು ಕೂಗಿದ್ದು ನಾವೇ ಅಲ್ವಾ? ಚಿರತೆ ಇಲ್ಲದ ಅರಣ್ಯ ಬೇಕು ಎಂದು ಆವತ್ತು ಯಾರೂ ಹೇಳಿರಲಿಲ್ಲ.

112 ಫ್ಲ್ಯಾಟಿನಲ್ಲಿ 71 ಸಹಿ ಬಿದ್ದವು. ಒಂದೊಂದು ಬಾಗಿಲಿಗೂ ನಾನು ಮತ್ತು ಅಕ್ಕ ಹೋದೆವು. ಮಕ್ಕಳಿರುವ ಮನೆಗೆ ಎರಡೆರಡು ಸಲ. ಅಲ್ಲಿ ಕಾನೂನು ಮಾತಾಡಲಿಲ್ಲ. ಕತ್ತಲಾದ ಮೇಲೆ ಮಗುವನ್ನು ಒಂಟಿ ಬಿಡಬೇಡಿ, ಆರೆ ರಸ್ತೆಯಲ್ಲಿ ನಡೆದರೆ ಮೊಬೈಲಿನಲ್ಲಿ ಹಾಡು ಹಾಕಿಕೊಳ್ಳಿ, ಚಿರತೆ ಕಂಡರೆ ಗುಂಪು ಕಟ್ಟಿ ವಿಡಿಯೊ ಮಾಡಬೇಡಿ, ಅದಕ್ಕೆ ಹೋಗಲು ದಾರಿ ಬಿಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಇಷ್ಟು ಬರೆದ ಹಾಳೆ ಕೊಟ್ಟೆವು. ಪಾಡಾದ ದೀಪಗಳು ಆರು ತಿಂಗಳಲ್ಲಿ ಬಂದವು. ಆ ನಾಯಕರು ತಮ್ಮ ಹೆಸರಿನ ಫ್ಲೆಕ್ಸ್ ಹಾಕಿಸಿದರು. ಹಾಕಲಿ, ದೀಪ ಉರಿಯಿತಲ್ಲ.

2022ರ ಅಕ್ಟೋಬರ್, ದೀಪಾವಳಿಯ ದಿನ ಬೆಳಗ್ಗೆ ಆರೆಯಲ್ಲಿ ಒಂದೂವರೆ ವರ್ಷವೂ ತುಂಬದ ಹೆಣ್ಣು ಮಗುವನ್ನು ಚಿರತೆ ಕೊಂದಿತು. ಆವತ್ತು ನನಗೆ ಅನ್ನ ಸೇರಲಿಲ್ಲ. "ನಿಮ್ಮ ಸಹಿಯ ಫಲ" ಎಂದು ಇಬ್ಬರು ಮೆಸೇಜು ಹಾಕಿದರು. ಉತ್ತರ ಕೊಡಲು ಹೋಗಲಿಲ್ಲ. ಅರಣ್ಯ ಇಲಾಖೆ ಬೋನು ಇಟ್ಟಿತು, ಚಿರತೆಗಳನ್ನು ಹಿಡಿಯಿತು. ನಾನು ವಿರೋಧಿಸಲಿಲ್ಲ. ನಮ್ಮ ಅರ್ಜಿ ಕೇಳಿದ್ದು ಕಂಡ ಮಾತ್ರಕ್ಕೆ ಬೋನು ಬೇಡ ಎಂದು, ಮಗು ಸತ್ತ ಮೇಲೂ ಬೇಡ ಎಂದಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಮೊದಲೇ ಎಲ್ಲರಿಗೂ ಬಿಡಿಸಿ ಹೇಳಬೇಕಿತ್ತು. ಹೇಳಿರಲಿಲ್ಲ, ಅದು ನನ್ನ ತಪ್ಪು. ಮುಂದಿನ ಸಭೆಯಲ್ಲಿ ಅದನ್ನು ಬರೆದು ಓದಿದೆ. 71 ಜನರಲ್ಲಿ ಒಂಬತ್ತು ಮಂದಿ ಸಹಿ ವಾಪಸು ತೆಗೆದುಕೊಂಡರು. ಅವರಲ್ಲಿ ನನ್ನ ಪಕ್ಕದ ಮನೆಯವರೂ ಇದ್ದರು.

2024ರ ಎಣಿಕೆಯಲ್ಲಿ ಪಾರ್ಕ್ ಮತ್ತು ಅದರ ಸುತ್ತ 54 ಚಿರತೆಗಳು ಕ್ಯಾಮೆರಾಕ್ಕೆ ಸಿಕ್ಕವು. 2015ರಲ್ಲಿ 35 ಇದ್ದವು. ಈಗ ಪಾರ್ಕಿನ ಅಡಿಯಲ್ಲಿ ಸುರಂಗ ಕೊರೆದು ಗೋರೆಗಾಂವ್‌ನಿಂದ ಮುಲುಂಡ್‌ಗೆ, ಠಾಣೆಯಿಂದ ಬೊರಿವಲಿಗೆ ರಸ್ತೆ ಮಾಡುವ ಕೆಲಸ ಹಿಡಿದಿದ್ದಾರೆ.

ಪಾಡಾದಲ್ಲಿ ಶೌಚಾಲಯದ ನಾಲ್ಕು ಕೋಣೆ ಕಟ್ಟಿದ್ದಾರೆ. ನೀರಿನ ಪೈಪು ಇನ್ನೂ ಬಂದಿಲ್ಲ. ಹೆಂಗಸರು ಬಕೆಟ್ ಹೊತ್ತು ಒಯ್ಯಬೇಕು, ಬೇಸಗೆಯಲ್ಲಿ ಅದಕ್ಕೂ ನೀರಿಲ್ಲ, ಮತ್ತೆ ಹೊರಗೇ ಹೋಗುತ್ತಾರೆ. ಸೋಮವಾರ ಮೌಶಿ, ಅಕ್ಕ, ನಾನು ಪೈಪಿನ ಅರ್ಜಿ ಹಿಡಿದು ವಾರ್ಡ್ ಆಫೀಸಿಗೆ ಹೋಗುತ್ತಿದ್ದೇವೆ. ಇದು ಐದನೆಯ ಸಲ.