48 ಕೆ ಒಳಗೊಂದು ಅಳಿಲು: ಸ್ಪೆಕ್ಟ್ರಮ್‌ಗೆ ಆಟ ಬರೆದ ನನ್ನ ಅನುಭವ

ಹೋದ ಮಳೆಗಾಲದಲ್ಲಿ ಶುರು ಮಾಡಿದ ಆಟ ಈ ಯುಗಾದಿಗೆ ಮುಗಿಯಿತು. ಅಡಿಕೆ ಮರದಿಂದ ಮರಕ್ಕೆ ಹಾರುವ ಒಂದು ಅಳಿಲು, 14 ಪರದೆ, ಕೊನೆಯಲ್ಲಿ ಗೂಡು. ಆಟ ಅಂದರೆ ಇಷ್ಟೇ. ಆದರೆ ಇದು ಓಡುವುದು ಮೊಬೈಲಿನಲ್ಲಲ್ಲ, 1982ರಲ್ಲಿ ಬ್ರಿಟನ್‌ನ ಸಿಂಕ್ಲೇರ್ ಕಂಪನಿ ಹೊರತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ, 48 ಕೆ (ಕಿಲೋಬೈಟ್) ಮೆಮೊರಿಯ ಪುಟ್ಟ ಕಂಪ್ಯೂಟರಿನಲ್ಲಿ. 1992ರಲ್ಲಿ ಅದರ ತಯಾರಿಕೆ ನಿಂತಿತು. ಅದಕ್ಕೆ ಆಟ ಬರೆಯುವುದು ಮಾತ್ರ ನಿಂತಿಲ್ಲ.

ನನಗೆ ಇದು ಅಂಟಿದ್ದು ಸೋದರಮಾವನಿಂದ. 1986ರ ಹೊತ್ತಿಗೆ ಡೆಸಿಬೆಲ್ಸ್ ಎಂಬ ಕಂಪನಿ ಸ್ಪೆಕ್ಟ್ರಮ್ ಪ್ಲಸ್ ಅನ್ನು 'ಡಿಬಿ ಸ್ಪೆಕ್ಟ್ರಮ್' ಅಂತ ನಮ್ಮ ದೇಶದಲ್ಲಿ ಮಾರುತ್ತಿತ್ತು. ಮಾವ ಅದನ್ನು ಕೊಂಡಿದ್ದರು. ಅಟ್ಟದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ನಾನು ಕೇಳಿದಾಗ, "ತಗೊಂಡು ಹೋಗೋ, ಆನ್ ಆದ್ರೆ ನನಗೊಂದು ಫೋನ್ ಮಾಡು" ಅಂದರು. ಕೀಬೋರ್ಡಿನ ಒಳಗಿನ ತೆಳು ಹಾಳೆ ಒಣಗಿ ಬಿರುಕು ಬಿಟ್ಟಿತ್ತು. ಅಂಥ ಹಾಳೆಯನ್ನು ಈಗಲೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ತರಿಸಿ ಹಾಕಿದೆ. ಆನ್ ಆಯಿತು. ಫೋನ್ ಮಾಡಿದೆ.

ಮೊದಲು ಹಿಡಿದದ್ದು ಸುಲಭದ ದಾರಿ. ಜೋನಾಥನ್ ಕಾಡ್ವೆಲ್ ಅವರ ಆರ್ಕೇಡ್ ಗೇಮ್ ಡಿಸೈನರ್ ಅಂತ ಆಟ ಮಾಡುವ ಒಂದು ತಂತ್ರಾಂಶ ಇದೆ. ಚಿತ್ರ ಬರೆದು, ಪರದೆ ಜೋಡಿಸಿ, ನಾಲ್ಕು ಸಾಲು ನಿಯಮ ಬರೆದರೆ ಆಟ ತಯಾರು. ಎರಡು ಭಾನುವಾರದಲ್ಲಿ ನನ್ನ ಮೂರು ಪರದೆ ಓಡಿದವು. ಇವತ್ತು ಸ್ಪೆಕ್ಟ್ರಮ್‌ಗೆ ಹೊಸ ಆಟ ಬರುತ್ತಲೇ ಇರುವುದರಲ್ಲಿ ಇಂಥ ಸಾಧನಗಳ ಪಾಲು ದೊಡ್ಡದು. ಸ್ಪೇನ್‌ನ ಮೊಹೋನ್ ಟ್ವಿನ್ಸ್ ಬಳಗ ಸಿ ಭಾಷೆಯಲ್ಲಿ ಬರೆಯುವವರಿಗೆ ಇಂಥದ್ದೇ ಒಂದು ಎಂಜಿನ್ ಮಾಡಿಕೊಟ್ಟಿದೆ. ಬೇಸಿಕ್ ಭಾಷೆ ಬಲ್ಲವರಿಗೆ ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಬೋರಿಯಲ್ ಕಂಪೈಲರ್ ಇದೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಚಿತ್ರಗಾರರೂ ಆಟ ಮಾಡುತ್ತಿದ್ದಾರೆ, ಅದು ನನಗೆ ನಿಜಕ್ಕೂ ಖುಷಿ. ಒಂದೇ ಎಂಜಿನ್‌ನಿಂದ ಬಂದ ಆಟಗಳಲ್ಲಿ ಜಿಗಿತ ಒಂದೇ ಥರ ಇರುತ್ತದೆ ಅನ್ನುವುದೂ ನಿಜ. ನನಗೆ ಬೇಕಿದ್ದದ್ದು ಅಳಿಲಿನ ಜಿಗಿತ: ಒಂದು ಕ್ಷಣ ಮೈ ಕುಗ್ಗಿಸಿ, ಆಮೇಲೆ ಬಾಣದ ಹಾಗೆ. ಅದು ಅಲ್ಲಿ ಬರಲಿಲ್ಲ. ಹಾಗಾಗಿ ಅಸೆಂಬ್ಲಿಗೆ, ಅಂದರೆ ಚಿಪ್‌ಗೆ ನೇರವಾಗಿ ಆದೇಶ ಬರೆಯುವ ಭಾಷೆಗೆ ಇಳಿದೆ.

ಇಳಿದ ಮೇಲೆ ಗೊತ್ತಾಗಿದ್ದು, ಇಲ್ಲಿ ಎಲ್ಲದಕ್ಕೂ ಲೆಕ್ಕ ಹಾಕಲೇಬೇಕು. ಪರದೆ 256ಕ್ಕೆ 192 ಚುಕ್ಕೆ. ಚುಕ್ಕೆಗಳಿಗೆ 6,144 ಬೈಟ್, ಬಣ್ಣಕ್ಕೆ 768. ಯಂತ್ರದ ಮಿದುಳಾದ ಝಡ್80 ಚಿಪ್‌ನ ವೇಗ 3.5 ಮೆಗಾಹರ್ಟ್ಸ್, ಪರದೆ ಸೆಕೆಂಡಿಗೆ 50 ಸಲ ಮೂಡುತ್ತದೆ. ಒಂದು ಸಲಕ್ಕೆ ಸಿಗುವುದು ಚಿಪ್‌ನ ಗಡಿಯಾರದ 69,888 ಮಿಡಿತ. ಒಂದು ಜಾಗದಿಂದ ಇನ್ನೊಂದಕ್ಕೆ ಬೈಟ್ ನಕಲಿಸಲು ಎಲ್‌ಡಿಐಆರ್ ಎಂಬ ಆದೇಶ ಇದೆ, ಬೈಟಿಗೆ 21 ಮಿಡಿತ ತಿನ್ನುತ್ತದೆ. 6,144 ಗುಣಿಸು 21, ಅಂದರೆ 1,29,024. ಇಡೀ ಪರದೆಯನ್ನು ಒಂದು ಸಲ ನಕಲಿಸುವುದಕ್ಕೇ ಹತ್ತಿರ ಹತ್ತಿರ ಎರಡು ಸುತ್ತು ಬೇಕು. ಅಳಿಲು ಓಡುವುದು ಯಾವಾಗ? ಹಾಗಾಗಿ ಬದಲಾದ ಜಾಗವನ್ನಷ್ಟೇ ಒರೆಸಬೇಕು, ಅಷ್ಟನ್ನೇ ಬರೆಯಬೇಕು.

ಇನ್ನು ಪರದೆಯ ಗೆರೆಗಳ ವಿಚಾರ. ಮೆಮೊರಿಯಲ್ಲಿ ಮೊದಲ ಗೆರೆ 16384ನೇ ವಿಳಾಸದಿಂದ ಶುರು. ಗೆರೆಗೆ 32 ಬೈಟ್. ಎರಡನೇ ಗೆರೆ 16416ರಲ್ಲಿ ಇರಬೇಕಲ್ವಾ? ಇಲ್ಲ, 16640ರಲ್ಲಿದೆ. 16416ರಲ್ಲಿರುವುದು ಒಂಬತ್ತನೇ ಗೆರೆ. ಮೊದಲ ವಾರ ಇದಕ್ಕೇ ಒದ್ದಾಡಿದೆ. ನನ್ನ ಅಳಿಲು ಬಾಚಣಿಗೆ ಹಲ್ಲಿನ ಹಾಗೆ ಹರಿದು ಕಾಣಿಸುತ್ತಿತ್ತು. ಆಮೇಲೆ ಇದರ ಹಿಂದಿನ ಯೋಚನೆ ಹೊಳೆಯಿತು: 256 ಮುಂದೆ ಹೋಗುವುದು ಅಂದರೆ ವಿಳಾಸದ ಮೇಲಿನ ಅರ್ಧಕ್ಕೆ ಒಂದು ಕೂಡಿಸುವುದು, ಬರೀ ನಾಲ್ಕು ಮಿಡಿತದ ಕೆಲಸ. ಎಂಟು ಗೆರೆಯ ಒಂದು ಅಕ್ಷರ ಬರೆಯಲು ಇದಕ್ಕಿಂತ ಬೇಗದ ದಾರಿ ಇಲ್ಲ. ಅಕ್ಷರದ ಗಡಿ ದಾಟಿದಾಗ ಮಾತ್ರ ತೊಡಕು. ನಾನು 192 ಗೆರೆಗಳ ವಿಳಾಸವನ್ನೂ ಮೊದಲೇ ಒಂದು ಕೋಷ್ಟಕದಲ್ಲಿ ಬರೆದಿಟ್ಟುಬಿಟ್ಟೆ. 384 ಬೈಟ್ ಹೋಯಿತು, ತಲೆನೋವೂ ಹೋಯಿತು.

ಬಣ್ಣದ್ದು ಬೇರೆಯೇ ಕಥೆ. ಎಂಟಕ್ಕೆ ಎಂಟು ಚುಕ್ಕೆಯ ಒಂದೊಂದು ಚೌಕಕ್ಕೆ ಎರಡೇ ಬಣ್ಣ. ಹಳದಿ ಅಳಿಲು ಹಸಿರು ಮರ ಹತ್ತಿದರೆ ಒಂದೋ ಅಳಿಲು ಹಸಿರಾಗಬೇಕು, ಇಲ್ಲ ಮರದ ತುಂಡು ಹಳದಿಯಾಗಬೇಕು. ಇದನ್ನು ಗೆಲ್ಲುವ ಎಂಜಿನ್‌ಗಳೂ ಬಂದಿವೆ. ಐನಾರ್ ಸೌಕಾಸ್ ಅವರ ನಿರ್ವಾಣ ಚಿಪ್‌ನ ಸಮಯಕ್ಕೆ ತಾಳ ಹಾಕಿ ಚೌಕದ ಒಳಗೇ ಎರಡೆರಡು ಗೆರೆಗೆ ಬಣ್ಣ ಬದಲಾಯಿಸುತ್ತದೆ. ನೋಡಲು ಬಲು ಚೆಂದ, ಆದರೆ ಮಿಡಿತಗಳಲ್ಲಿ ಬಹುಪಾಲು ಅದಕ್ಕೇ ಖರ್ಚು. ನಾನು ಚಿತ್ರವನ್ನೇ ಬದಲಾಯಿಸಿದೆ. ಮೇಲೆ ಅಡಿಕೆ ಸೋಗೆ ಹಸಿರು, ಕೆಳಗೆ ನೆಲ ಕೆಂಪು, ಅಳಿಲು ಓಡಾಡುವ ನಡುವಿನ ಜಾಗ ಪೂರ್ತಿ ಕಪ್ಪಿನ ಮೇಲೆ ಗಾಢ ಹಳದಿ. ಬಣ್ಣದ ಬೈಟು 70: ಹೊಳಪಿಗೆ 64, ಹಳದಿಗೆ 6. ಕಾಂಡವೂ ಹಳದಿ, ಅಳಿಲೂ ಹಳದಿ. ಮಗಳು ನೋಡಿ, "ಅಪ್ಪಾ, ತೋಟಕ್ಕೆ ಸಂಜೆ ಬಿಸಿಲು ಬಿದ್ದ ಹಾಗಿದೆ" ಅಂದಳು. ಆಮೇಲೆ ಅದನ್ನು ಮುಟ್ಟಲಿಲ್ಲ.

ಅಂಕಿಗಳನ್ನು ಕನ್ನಡದಲ್ಲೇ ತೋರಿಸಬೇಕು ಅಂತ ಹಟವಿತ್ತು. ಒತ್ತಕ್ಷರ ಎಂಟು ಚುಕ್ಕೆಯ ಎತ್ತರದಲ್ಲಿ ಕೂರುವುದಿಲ್ಲ, ಅದಕ್ಕೆ ಆಟದ ಹೆಸರನ್ನು ಚಿತ್ರವಾಗಿಯೇ ಬರೆದೆ. ಅಂಕಿ ಕೂರುತ್ತದೆ. ಚೌಕುಳಿ ಹಾಳೆಯಲ್ಲಿ ಪೆನ್ಸಿಲ್ ಹಿಡಿದು ಬಿಡಿಸಿದೆ. ೬ ಮತ್ತು ೯ ಬೇರೆ ಬೇರೆ ಅಂತ ಕಾಣಿಸಲು ನಾಲ್ಕು ರಾತ್ರಿ ಹಿಡಿಯಿತು. ಕೊನೆಗೆ ೯ರ ಬಾಲದ ಒಂದೇ ಒಂದು ಚುಕ್ಕೆ ಪಕ್ಕಕ್ಕೆ ಸರಿಸಿದಾಗ ಎರಡೂ ಬಿಡಿಸಿಕೊಂಡವು. ಅಕ್ಷರಗಳು ಎಲ್ಲಿವೆ ಅಂತ ಯಂತ್ರ ನೋಡಿಕೊಳ್ಳುವುದು 23606ರಲ್ಲಿ. ಅಲ್ಲಿ ನನ್ನ ಅಂಕಿಗಳಿಗೆ ತಕ್ಕ ವಿಳಾಸ ಇಟ್ಟೆ. ಅಂಕ ಬರೆಯುವ ಕೋಡ್ ಒಂದಕ್ಷರವೂ ಬದಲಾಗದೆ ಪರದೆ ಮೇಲೆ ಕನ್ನಡ ಅಂಕಿ ಬಂತು.

ಕತ್ತಲಲ್ಲಿ ತಡಕಾಡಿದ್ದೂ ಉಂಟು. ಒಂದು ಅಳಿಲಿನ ಎಲ್ಲ ಭಂಗಿ, ಚುಕ್ಕೆಗಳಷ್ಟು ಪಕ್ಕಕ್ಕೆ ಸರಿಸಿದ ಅವುಗಳ ಎಲ್ಲ ಪ್ರತಿ ಸೇರಿ 3,072 ಬೈಟ್ ಆಗಿತ್ತು. ಜಾಗ ಸಾಲದೆ ಬರೆಯುವ ಕೋಡನ್ನು 32768ರ ಕೆಳಗೆ ತಂದೆ. ಆಟ ಎಡವತೊಡಗಿತು. ಇಂಥಲ್ಲಿ ಹಳಬರ ಒಂದು ಉಪಾಯ ಇದೆ: ಬರೆಯಲು ಶುರು ಮಾಡುವಾಗ ಪರದೆಯ ಅಂಚನ್ನು ಕೆಂಪು ಮಾಡಿ, ಮುಗಿದಾಗ ಕಪ್ಪು ಮಾಡಿ. ಅಂಚಿನಲ್ಲಿ ಕೆಂಪು ಪಟ್ಟಿ ಎಷ್ಟು ಉದ್ದ ಇದೆಯೋ ಅಷ್ಟು ಸಮಯ ತಿಂದಿದೆ ಅಂತ ಕಣ್ಣಲ್ಲೇ ಅಳೆಯಬಹುದು. ಪರದೆಯ ಅರ್ಧಕ್ಕೆ ನಿಲ್ಲುತ್ತಿದ್ದ ಪಟ್ಟಿ ಮುಕ್ಕಾಲು ದಾಟಿತ್ತು. 16384ರಿಂದ 32767ರವರೆಗಿನ ಮೆಮೊರಿಯನ್ನು ಚಿತ್ರ ಮೂಡಿಸುವ ಯುಎಲ್‌ಎ ಚಿಪ್ ಕೂಡ ಬಳಸುತ್ತದೆ. ಅದು ಪರದೆ ಬರೆಯುತ್ತಿರುವಾಗ ಝಡ್80 ಅಲ್ಲಿಗೆ ಹೋದರೆ ಕಾಯಬೇಕು. ಕೋಡನ್ನು ಮೇಲಕ್ಕೆ ಹಾಕಿ, ಪರದೆಗಳ ನಕ್ಷೆಯನ್ನು ಕೆಳಗೆ ತಂದೆ. ಸರಿಹೋಯಿತು.

ಇಷ್ಟಾದರೂ, ಆಟ ಆಟವಾಗಿದ್ದು ಬೇರೆಯವರು ಆಡಿದ ಮೇಲೆಯೇ. ಎಮ್ಯುಲೇಟರಿನಲ್ಲಿ, ಅಂದರೆ ಈಗಿನ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್ ಅನ್ನು ಅನುಕರಿಸುವ ತಂತ್ರಾಂಶದಲ್ಲಿ ಓಡಿತ್ತು. ಮಾವನ ಯಂತ್ರದಲ್ಲೂ ಓಡಿತ್ತು. ಮುಗಿಯಿತು ಅಂತ ನಾಲ್ಕು ಜನಕ್ಕೆ ಕಳಿಸಿದೆ. ಸ್ಪೇನ್‌ನಿಂದ ಒಬ್ಬರು ಬರೆದರು: "ನಿಮ್ಮ ಅಳಿಲು ನಾನು ಏನೂ ಒತ್ತದೆ ತಾನೇ ಹಾರುತ್ತಿದೆ, ಬಲಕ್ಕೆ ಓಡಿ ಬಿದ್ದು ಸಾಯುತ್ತಿದೆ." ನನ್ನಲ್ಲಿ ಹಾಗೆ ಒಮ್ಮೆಯೂ ಆಗಿರಲಿಲ್ಲ. ಎರಡು ದಿನ ಕೋಡ್ ಓದಿದೆ, ತಪ್ಪು ಕಾಣಲಿಲ್ಲ. ಅವರು ಮತ್ತೆ ಬರೆದರು, ತಮ್ಮ ಯಂತ್ರಕ್ಕೆ ಏನೂ ಚುಚ್ಚಿಲ್ಲ, ಕ್ಯಾಸೆಟ್ ಕೇಬಲ್ ಒಂದೇ ಇದೆ ಅಂತ. ಆಗ ತಲೆಯಲ್ಲಿ ದೀಪ ಹತ್ತಿತು. ನನ್ನ ಯಂತ್ರದ ಹಿಂದೆ ಎಸ್‌ಡಿ ಕಾರ್ಡ್ ಓದುವ ಸಾಧನ ಇದೆ, ಅದರಲ್ಲೇ ಕೆಂಪ್‌ಸ್ಟನ್ ಎಂಬ ಬಗೆಯ ಜಾಯ್‌ಸ್ಟಿಕ್‌ನ ಕಿಂಡಿಯೂ ಇದೆ. ಎಮ್ಯುಲೇಟರಿನಲ್ಲೂ ಆ ಆಯ್ಕೆ ಹಾಕಿಟ್ಟಿದ್ದೆ.

ಖಚಿತ ಮಾಡಿಕೊಳ್ಳಲು ಆ ಸಾಧನವನ್ನು ಕಿತ್ತಿಟ್ಟೆ. ಈಗ ಆಟ ತುಂಬಿಸಲು ಕ್ಯಾಸೆಟ್ ದಾರಿಯೇ ಗತಿ. ಆಟವನ್ನು ಧ್ವನಿಯ ಫೈಲ್ ಮಾಡಿ ಫೋನಿಗೆ ಹಾಕಿ, ಫೋನಿನಿಂದ ಇಯರ್ ಕಿಂಡಿಗೆ ವೈರ್ ಎಳೆದೆ. ವಾಲ್ಯೂಮ್ ಪೂರ್ತಿ ಏರಿಸಿದೆ. ಅಂಚಿನಲ್ಲಿ ನೀಲಿ ಹಳದಿ ಪಟ್ಟಿ ಓಡಿದವು, ಸೋಗೆಯ ಚಿತ್ರ ಗೆರೆಗೆರೆಯಾಗಿ ತುಂಬಿತು, ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಹಾಲಿನವನ ಮೆಸೇಜ್ ಬಂದು ಫೋನ್ 'ಟಿಂಗ್' ಅಂತು. 'ಆರ್ ಟೇಪ್ ಲೋಡಿಂಗ್ ಎರರ್.' ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಮತ್ತೆ ಮೊದಲಿನಿಂದ ನಾಲ್ಕು ನಿಮಿಷ ಕಾದೆ. ಆಟ ಬಂತು. ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಅಳಿಲು ತಾನೇ ಹಾರಿತು, ಬಲಕ್ಕೆ ಓಡಿತು, ಬಿತ್ತು.

ಕಾರಣ ಇದು. ಜಾಯ್‌ಸ್ಟಿಕ್ ಓದುವುದು 31ನೇ ಪೋರ್ಟಿನಿಂದ, ಅಂದರೆ ಹೊರಗಿನ ಸಾಧನದ ಜೊತೆ ಚಿಪ್ ಮಾತಾಡುವ ಬಾಗಿಲಿನಿಂದ. ಕೆಂಪ್‌ಸ್ಟನ್ ಇದ್ದು ಯಾರೂ ಮುಟ್ಟದಿದ್ದರೆ ಸೊನ್ನೆ ಬರುತ್ತದೆ. ಇಲ್ಲದ ಯಂತ್ರದಲ್ಲಿ ಅಲ್ಲಿ ಉತ್ತರ ಕೊಡುವವರೇ ಇಲ್ಲ, ತಂತಿಯ ಮೇಲೆ ಆ ಹೊತ್ತಿಗೆ ಏನಿದೆಯೋ ಅದೇ ಬರುತ್ತದೆ: ಕೆಲವು ಸಲ 255, ಕೆಲವು ಸಲ ಯುಎಲ್‌ಎ ಓದುತ್ತಿರುವ ಪರದೆಯ ಬೈಟು. ನನ್ನ ಕೋಡ್ ಅದನ್ನೇ ನಂಬಿ ಹಾರು, ಬಲಕ್ಕೆ ಹೋಗು ಅಂದುಕೊಳ್ಳುತ್ತಿತ್ತು. ಸರಿಪಡಿಸಿದ್ದು ಹೀಗೆ: ಆಟ ಶುರುವಾಗುವಾಗ ಹಾಲ್ಟ್ ಎಂಬ ಆದೇಶ ಹಾಕಿ, ಪರದೆಯ ಪ್ರತಿ ಸುತ್ತಿನ ಶುರುವಿಗೆ ಬರುವ ಇಂಟರಪ್ಟ್ ಎಂಬ ಸಂಕೇತಕ್ಕೆ ಕಾಯುವುದು. ಆಗ ಯುಎಲ್‌ಎ ಇನ್ನೂ ಮೇಲಿನ ಅಂಚಿನಲ್ಲಿರುತ್ತದೆ, ಪರದೆಯ ಬೈಟು ಓದುತ್ತಿರುವುದಿಲ್ಲ. ಆ ಕ್ಷಣಕ್ಕೆ 31 ಓದಿದರೆ ಜಾಯ್‌ಸ್ಟಿಕ್ ಇಲ್ಲದ ಕಡೆ 255 ಬರುತ್ತದೆ. ಜಾಯ್‌ಸ್ಟಿಕ್ ಬಳಸದ ಮೇಲಿನ ಮೂರು ಬಿಟ್‌ಗಳಲ್ಲಿ ಏನಾದರೂ ಕಂಡರೆ ಜಾಯ್‌ಸ್ಟಿಕ್ ಇಲ್ಲ ಅಂತ ಬರೆದಿಟ್ಟುಕೊಂಡು, ಮುಂದೆ ಆ ಪೋರ್ಟನ್ನು ಓದಲೇಬಾರದು. ಹನ್ನೆರಡು ಸಾಲಿನ ಕೋಡ್.

ಈ ಹನ್ನೆರಡು ಸಾಲು ನನಗೆ ಒಬ್ಬನೇ ಕೂತು ಸಿಗುತ್ತಿರಲಿಲ್ಲ. ಪೂರ್ವ ಯುರೋಪಿನಿಂದ ಒಬ್ಬರು ಪೆಂಟಗನ್ ಎಂಬ ನಕಲು ಯಂತ್ರದಲ್ಲಿ ಆಡಿ ನೋಡಿದರು. ಅಲ್ಲಿ ಕಾಯುವ ಮೆಮೊರಿ ಇಲ್ಲ, ಒಂದು ಸುತ್ತಿಗೆ 71,680 ಮಿಡಿತ, ಹಾಗಾಗಿ ನನ್ನ ಬೀಪರ್ ಸಂಗೀತದ ಸುರ ಸ್ವಲ್ಪ ಏರಿತ್ತು. ಬ್ರೆಜಿಲ್‌ನವರ ಹತ್ತಿರ ಟಿಕೆ90ಎಕ್ಸ್ ಎಂಬ ಇನ್ನೊಂದು ನಕಲು ಇದೆ. ಸಿಂಕ್ಲೇರ್ ಮಾರಿದ್ದು ಕೆಲವೇ ಬಗೆಯ ಯಂತ್ರ, ಆದರೆ ದೇಶದೇಶಗಳಲ್ಲಿ ಅದರ ನಕಲು ಹುಟ್ಟಿಕೊಂಡವು, ಬಳಗ ಇಷ್ಟು ಹರಡಿರುವುದೂ ಅದಕ್ಕೇ. ಇತ್ತೀಚೆಗೆ ಜನರಿಂದ ದುಡ್ಡು ಕೂಡಿಸಿ ಮಾಡಿದ ಸ್ಪೆಕ್ಟ್ರಮ್ ನೆಕ್ಸ್ಟ್ ಬಂತು, 2024ರಲ್ಲಿ ಟಿವಿಗೆ ನೇರ ಚುಚ್ಚುವ ಹೊಸ ಸ್ಪೆಕ್ಟ್ರಮ್ ಕೂಡ ಬಂತು. ಬರೆಯುವವರಿಗೆ ಈಗ ಏನೂ ಕಡಿಮೆ ಇಲ್ಲ. ಒಳ್ಳೆಯ ಅಸೆಂಬ್ಲರ್ ಇದೆ, ಫ್ಯೂಸ್‌ನಂಥ ಎಮ್ಯುಲೇಟರ್ ಇದೆ, ಚಿತ್ರ ಕುಗ್ಗಿಸಲು ಝಡ್‌ಎಕ್ಸ್0 ಇದೆ, ಎಲ್ಲ ಬಿಟ್ಟಿ. ನನ್ನ ಪ್ರಕಾರ ಕೊರತೆ ಇರುವುದು ಆಡಿ ನೋಡುವವರದ್ದು. ಹೊಸ ಆಟ ಬಂದರೆ ಚಿತ್ರ ನೋಡಿ ಚೆನ್ನಾಗಿದೆ ಅನ್ನುವವರು ಬೇಕಾದಷ್ಟು ಇದ್ದಾರೆ. ಹಳೆಯ ಯಂತ್ರ ಆನ್ ಮಾಡಿ, ನಾಲ್ಕು ನಿಮಿಷ ಕಾದು, ಏಳನೇ ಪರದೆವರೆಗೆ ಆಡಿ, ಇಲ್ಲಿ ಹೀಗಾಯಿತು ಅಂತ ಬರೆಯುವವರು ಬೆರಳೆಣಿಕೆ. ನಾನು ಕಳಿಸಿದ ನಾಲ್ಕು ಜನರಲ್ಲಿ ಮೂವರು ಆಡಿ ಹೇಳಿದರು. ಅದು ನನ್ನ ಪುಣ್ಯ.

ಅದಕ್ಕೇ ಎರಡನೇ ಆಟವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಶನಿವಾರ ರಾತ್ರಿ ಊಟ ಆದ ಮೇಲೆ ಬೇರೆಯವರ ಆಟ ಹಾಕಿಕೊಂಡು ಕೂರುತ್ತೇನೆ. ಒಮ್ಮೆ ಎಸ್‌ಡಿ ಸಾಧನ ಹಾಕಿ, ಒಮ್ಮೆ ಕಿತ್ತು ಫೋನಿನಿಂದ. ಹೋದ ವಾರ ಬಂದದ್ದು ದೋಣಿಯ ಆಟ, ಬರೆದವರು ಬ್ರೆಜಿಲ್‌ನವರು. ಮೂರನೇ ಪರದೆಯಲ್ಲಿ ದೋಣಿ ತಾನೇ ಬಲಕ್ಕೆ ಸರಿಯುತ್ತಿತ್ತು. ಯಂತ್ರಕ್ಕೆ ಏನೂ ಚುಚ್ಚಿಲ್ಲ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆದು, ಆ ಹನ್ನೆರಡು ಸಾಲನ್ನೂ ಜೊತೆಗೆ ಕಳಿಸಿದ್ದೇನೆ.