ಕಂಪ್ಯೂಟರ್‌ಗೆ ಯಾವ ಓಎಸ್? ಹಳೆಯದನ್ನು ಅಳಿಸುವ ಮೊದಲು ಪೆನ್‌ಡ್ರೈವ್‌ನಲ್ಲಿ ಪರೀಕ್ಷಿಸಿ

ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್ (ಆಪರೇಟಿಂಗ್ ಸಿಸ್ಟಂ, ಚಿಕ್ಕದಾಗಿ ಓಎಸ್) ಆದ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಬೆಂಬಲ (ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೆ ನನಗೆ ಪದೇಪದೇ ಎದುರಾದ ಪ್ರಶ್ನೆ ಒಂದೇ: ‘ಕಂಪ್ಯೂಟರ್ ಚೆನ್ನಾಗೇ ಇದೆ, ಈಗೇನು ಮಾಡಲಿ?’ ಹೊಸದು ಕೊಳ್ಳಿ ಎಂದು ನಾನು ಥಟ್ಟನೆ ಹೇಳುವುದಿಲ್ಲ. ವಿಂಡೋಸ್ 11, ಮ್ಯಾಕ್‌ಓಎಸ್, ಲಿನಕ್ಸ್, ಕ್ರೋಮ್‌ಓಎಸ್‌ಗಳಲ್ಲಿ ಯಾವುದು ಮೇಲು ಎಂಬ ವಾದ ಹಾಗಿರಲಿ. ನಿಮ್ಮ ಕೆಲಸ ಯಾವುದರಲ್ಲಿ ತಡೆಯಿಲ್ಲದೆ ಸಾಗುತ್ತದೆ ಎಂಬುದನ್ನು ನೋಡಬೇಕು.

ಮೊದಲು ಹಾಳೆ, ಪೆನ್ನು

ಒಂದು ವಾರ ಕಂಪ್ಯೂಟರ್ ಪಕ್ಕ ಒಂದು ಹಾಳೆ ಇಟ್ಟುಕೊಳ್ಳಿ. ತೆರೆದ ಪ್ರತಿ ಸಾಫ್ಟ್‌ವೇರ್‌ನ ಹೆಸರು ಬರೆಯಿರಿ. ಹಾಳೆಯ ತುಂಬ ಬ್ರೌಸರೇ ಇದ್ದರೆ ನಾಲ್ಕರಲ್ಲಿ ಯಾವುದಾದರೂ ನಡೆಯುತ್ತದೆ. ಫೋಟೋಶಾಪ್ ಬೇಕೇಬೇಕು ಎಂದಾದರೆ ವಿಂಡೋಸ್ ಇಲ್ಲವೇ ಮ್ಯಾಕ್. ಲಿನಕ್ಸ್‌ಗೆ ಅಡೋಬಿ ಅದನ್ನು ಕೊಟ್ಟಿಲ್ಲ. ಮೈಕ್ರೊಸಾಫ್ಟ್ ಆಫೀಸ್ ಕೂಡ ಲಿನಕ್ಸ್‌ನಲ್ಲಿ ನೇರವಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಅದರ ಬದಲಿಗೆ ಬಳಸುವ ಲಿಬ್ರೆಆಫೀಸ್ ಉಚಿತ. ವರ್ಡ್, ಎಕ್ಸೆಲ್ ಕಡತಗಳನ್ನೂ ತೆರೆಯುತ್ತದೆ. ಪತ್ರ ಬರೆಯಲು, ಮನೆಯ ಲೆಕ್ಕ ಇಡಲು ಧಾರಾಳ ಸಾಕು. ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ) ತುಂಬಿದ ಎಕ್ಸೆಲ್ ಕಡತಗಳಿದ್ದರೆ ಮಾತ್ರ ಅವನ್ನು ಅದರಲ್ಲಿ ಓಡಿಸಿ ನೋಡದೆ ತೀರ್ಮಾನಕ್ಕೆ ಬರಬೇಡಿ.

ಯಂತ್ರ ಏನು ತಾಳುತ್ತದೆ?

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. ಮೈಕ್ರೊಸಾಫ್ಟ್‌ನದೇ ‘ಪಿಸಿ ಹೆಲ್ತ್ ಚೆಕ್’ ಹಾಕಿಕೊಂಡರೆ ಆಗುತ್ತದೋ ಇಲ್ಲವೋ ಅದೇ ಹೇಳುತ್ತದೆ. 4 ಜಿಬಿ ಎಂಬುದು ಲೆಕ್ಕಕ್ಕಷ್ಟೆ. 8 ಜಿಬಿಗಿಂತ ಕಡಿಮೆ ಇದ್ದರೆ ನಾನು ಶಿಫಾರಸು ಮಾಡುವುದಿಲ್ಲ. ಇನ್ನೊಂದು ಮಾತು: ಕಂಪ್ಯೂಟರ್ ತೆವಳುತ್ತಿದ್ದರೆ ಎಷ್ಟೋ ಸಲ ತಪ್ಪು ಓಎಸ್‌ನದಲ್ಲ, ಹಳೆಯ ಹಾರ್ಡ್‌ಡಿಸ್ಕ್‌ನದು. ಅದನ್ನು ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿಸಿದರೆ ಯಂತ್ರದ ವೇಗವೇ ಬದಲಾಗುತ್ತದೆ.

ಮ್ಯಾಕ್‌ಓಎಸ್ ಬೇಕೆಂದರೆ ಆಪಲ್‌ನ ಯಂತ್ರವನ್ನೇ ಕೊಳ್ಳಬೇಕು. ಇಂಟೆಲ್ ಚಿಪ್ ಇರುವ ಮ್ಯಾಕ್‌ಗಳಿಗೆ 2025ರ ‘ಟಾಹೋ’ ಆವೃತ್ತಿಯೇ ಕೊನೆ ಎಂದು ಆಪಲ್ ಹೇಳಿಬಿಟ್ಟಿದೆ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಮ್ಯಾಕ್ ನೋಡುವವರು ಆಪಲ್‌ನದೇ ಎಂ1 ಅಥವಾ ಅದರ ನಂತರದ ಚಿಪ್ ಇರುವುದನ್ನೇ ನೋಡಿ. ಬ್ರೌಸರ್ ಬಿಟ್ಟು ಬೇರೇನೂ ಬೇಡ ಎನ್ನುವವರಿಗೆ ಹಳೆಯ ಯಂತ್ರದಲ್ಲೂ ಕೂರುವ ‘ಕ್ರೋಮ್‌ಓಎಸ್ ಫ್ಲೆಕ್ಸ್’ ಇದೆ. ಅದರಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳು ಓಡುವುದಿಲ್ಲ.

ಪೆನ್‌ಡ್ರೈವ್ ಪರೀಕ್ಷೆ

ಲಿನಕ್ಸ್‌ನ ದೊಡ್ಡ ಗುಣ ಎಂದರೆ, ಹಾಕಿಕೊಳ್ಳುವ ಮೊದಲೇ ಬಳಸಿ ನೋಡಬಹುದು. ವಿಂಡೋಸ್ ಬಳಸಿ ರೂಢಿಯಾದವರಿಗೆ ಲಿನಕ್ಸ್‌ನ ಹಲವು ರೂಪಗಳಲ್ಲಿ ಒಂದಾದ ಲಿನಕ್ಸ್ ಮಿಂಟ್ ಹತ್ತಿರ. ಮೆನು ಕೆಳಗೆ ಎಡಮೂಲೆಯಲ್ಲೇ ಇರುತ್ತದೆ. ಅದರ ಜಾಲತಾಣದಿಂದ ಐಎಸ್‌ಒ ಕಡತ (ಇಡೀ ಓಎಸ್ ಇರುವ ಒಂದೇ ಕಡತ) ಇಳಿಸಿಕೊಂಡು, ‘ಬಲೇನಾ ಎಚ್ಚರ್’ ಎಂಬ ಸಾಫ್ಟ್‌ವೇರ್ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದನ್ನೇ ಹಿಡಿಯಿರಿ.

ಈಗ ದಯವಿಟ್ಟು ಒಂದು ಕ್ಷಣ ನಿಲ್ಲಿ. ನಿಮ್ಮ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ (ಎರಡೂ ಡಿಸ್ಕ್‌ಗೆ ಬೀಗ ಹಾಕುವ ಸೌಲಭ್ಯಗಳು) ಆನ್ ಆಗಿದ್ದರೆ 48 ಅಂಕಿಯ ರಿಕವರಿ ಕೀ ಇರುತ್ತದೆ. ಬೂಟ್ ಸೆಟ್ಟಿಂಗ್ (ಕಂಪ್ಯೂಟರ್ ಯಾವುದರಿಂದ ಶುರುವಾಗಬೇಕು ಎಂಬುದು) ಬದಲಿಸಿದಾಗ ವಿಂಡೋಸ್ ಅದನ್ನು ಕೇಳಬಹುದು. ಮೈಕ್ರೊಸಾಫ್ಟ್ ಖಾತೆಯಲ್ಲಿ ಹುಡುಕಿ, ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಪೆನ್‌ಡ್ರೈವ್ ಚುಚ್ಚಿ, ರೀಸ್ಟಾರ್ಟ್ ಮಾಡಿ, ಎಫ್12 ಅಥವಾ ಎಸ್ಕೇಪ್ ಒತ್ತಿ (ಕಂಪನಿಗೊಂದು ಕೀ ಇರುತ್ತದೆ), ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿ. ಮಿಂಟ್‌ನ ಪರದೆ ಬಂದಾಗ ‘ಇನ್‌ಸ್ಟಾಲ್’ ಎಂಬ ಐಕಾನ್ ಕಾಣುತ್ತದೆ, ಅದನ್ನು ಮುಟ್ಟಬೇಡಿ. ಪೆನ್‌ಡ್ರೈವ್‌ನಿಂದ ಓಡುತ್ತಿರುವುದರಿಂದ ತುಸು ನಿಧಾನ ಎನಿಸುವುದು ಸಹಜ. ವೈ-ಫೈ ಸಿಗುತ್ತದೆಯೇ? ಧ್ವನಿ ಬರುತ್ತದೆಯೇ? ಕ್ಯಾಮೆರಾ, ಮೈಕ್ ಕೆಲಸ ಮಾಡುತ್ತವೆಯೇ? ಲ್ಯಾಪ್‌ಟಾಪ್ ಮುಚ್ಚಿ ಐದು ನಿಮಿಷ ಬಿಟ್ಟು ತೆರೆದರೆ ಎಚ್ಚರಗೊಳ್ಳುತ್ತದೆಯೇ? ನಿಮ್ಮ ಭಾಷೆಯಲ್ಲಿ ಒಂದು ಸಾಲು ಟೈಪ್ ಮಾಡಿ. ಒಂದು ಪುಟ ಪ್ರಿಂಟ್ ತೆಗೆಯಿರಿ, ಒಂದು ಪುಟ ಸ್ಕ್ಯಾನ್ ಮಾಡಿ. ನನ್ನ ಪ್ರಿಂಟರ್ ಚೆನ್ನಾಗಿ ಮುದ್ರಿಸಿತು, ಸ್ಕ್ಯಾನ್ ಮಾತ್ರ ಮಾಡಲಿಲ್ಲ. ಮೊದಲೇ ಗೊತ್ತಾದ್ದರಿಂದ ಫೋನಿನಲ್ಲೇ ಸ್ಕ್ಯಾನ್ ಮಾಡುವುದನ್ನು ರೂಢಿಸಿಕೊಂಡು ಆಮೇಲೆ ಲಿನಕ್ಸ್‌ಗೆ ಹೋದೆ.

ಬೇಡ ಎನಿಸಿದರೆ ಆಫ್ ಮಾಡಿ ಪೆನ್‌ಡ್ರೈವ್ ಕೀಳಿ. ನಿಮ್ಮ ವಿಂಡೋಸ್ ಇದ್ದಲ್ಲೇ ಇರುತ್ತದೆ.

ಇನ್‌ಸ್ಟಾಲ್ ಮಾಡುವ ದಿನ

ಫೋಟೋ, ಕಾಗದಪತ್ರ, ಬ್ರೌಸರ್ ಪಾಸ್‌ವರ್ಡ್‌ಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ. ನಕಲಾಯಿತು ಎಂದು ನಂಬಿ ಕೂರಬೇಡಿ, ಬೇರೆ ಕಂಪ್ಯೂಟರ್‌ನಲ್ಲಿ ಹತ್ತಾರು ಕಡತ ತೆರೆದು ನೋಡಿ. ಎರಡು ಓಎಸ್‌ಗಳನ್ನು ಒಂದೇ ಡಿಸ್ಕ್‌ನಲ್ಲಿ ಇಡಬಹುದು. ಆದರೆ ಡಿಸ್ಕ್ ಭಾಗ ಮಾಡುವಾಗ ಕೈತಪ್ಪಿದರೆ ಎಲ್ಲವೂ ಹೋಗುತ್ತದೆ, ಮೊದಲ ಸಲದವರು ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹೊಸ ಓಎಸ್ ಬಂದ ಕೂಡಲೇ ಅಪ್‌ಡೇಟ್ ಓಡಿಸಿ. ಮೊದಲು ಬರೆದ ಹಾಳೆ ತೆಗೆದು, ಮಾಡಿ ಮುಗಿಸಿದ ಒಂದೊಂದೇ ಕೆಲಸಕ್ಕೆ ಗೆರೆ ಎಳೆಯುತ್ತ ಬನ್ನಿ. ಕೊನೆಯ ಸಾಲಿಗೂ ಗೆರೆ ಬೀಳುವವರೆಗೆ ಹೊರಗಿನ ಡಿಸ್ಕ್‌ನಲ್ಲಿರುವ ನಕಲನ್ನು ಅಳಿಸಬೇಡಿ.